ಜೊತೆಗಿದ್ದವರ ಲೆಕ್ಕ

ಗಂಗಾವತಿ ಬಳಿಯ ಹೇಮಗುಡ್ಡ ಊರಿನ ಯಾವುದೇ ಮನೆಯಲ್ಲಿ ಒಬ್ಬರಿಗೆ ಲಕ್ವಾ ಹೊಡೆದರೆ ಆಸ್ಪತ್ರೆ ಸೇರುವವರು ಇಬ್ಬರು. ಒಬ್ಬರ ಹೆಸರು ಕೇಸ್ ಶೀಟಿನಲ್ಲಿರುತ್ತದೆ. ಮಂಚದ ಪಕ್ಕ ಚಾಪೆ ಹಾಸಿಕೊಂಡ ಹೆಂಡತಿಯದೋ ಸೊಸೆಯದೋ ಹೆಸರು ಎಲ್ಲಿಯೂ ಇರುವುದಿಲ್ಲ. ಫಿಟ್ಸ್ ನಿಲ್ಲದ ಮಗುವಿರಲಿ, ಮನಸ್ಸಿನ ಕಾಯಿಲೆಯ ಹುಡುಗನಿರಲಿ, ಇದೇ ಪಾಡು. ಮೊದಲು ಗಂಗಾವತಿ, ಆಮೇಲೆ ಕೊಪ್ಪಳದ ಜಿಲ್ಲಾಸ್ಪತ್ರೆ, ಅಲ್ಲೂ ಆಗದಿದ್ದರೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ಹೊತ್ತಾದರೆ ಜೊತೆಗೆ ಹೋದಾಕೆಯ ಕೂಲಿಯೂ ಹೋಯಿತು.

ರೋಗಿಯ ಜೊತೆ ಮನೆಯವರನ್ನು ಇರಿಸಿಕೊಳ್ಳುವುದು ನಮ್ಮ ದೇಶದ ಮನೋವೈದ್ಯರು ಬೇಕೆಂದೇ ತಂದ ಪದ್ಧತಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ ಬಂಧುಗಳನ್ನು ಉಳಿಸಿಕೊಂಡರು. ನಿಮ್ಹಾನ್ಸ್‌ನಲ್ಲೂ ಫ್ಯಾಮಿಲಿ ವಾರ್ಡ್ ಬಂತು. ಮನೆಯವರು ಕಾಯಿಲೆಯನ್ನು ಅರಿತರೆ ರೋಗಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಕೊಳೆಯುವುದು ತಪ್ಪುತ್ತದೆ ಎಂಬುದು ಅದರ ಹಿಂದಿನ ದೊಡ್ಡ ವಿಚಾರ. ಆದರೆ ಎಷ್ಟೋ ಸಾಮಾನ್ಯ ವಾರ್ಡುಗಳಲ್ಲಿ ಆ ವಿಚಾರ ಕಳೆದುಹೋಗಿ, ಆಳಿನ ಕೊರತೆ ತುಂಬುವ ರೂಢಿಯಷ್ಟೇ ಉಳಿದಿದೆ. ಸ್ಟ್ರೆಚರ್ ತಳ್ಳುವವಳು ಜೊತೆಗೆ ಬಂದವಳೇ, ರಕ್ತದ ಶೀಸೆ ಹಿಡಿದು ಲ್ಯಾಬಿಗೆ ಓಡುವವಳೂ ಅವಳೇ. ಅವಳಿಗೆ ಕಲಿಸುವವರು ಮಾತ್ರ ಕಡಿಮೆ.

ಕಲಿಯಬೇಕಾದದ್ದೋ ಬೇಕಾದಷ್ಟಿದೆ. ಮಗ್ಗುಲಾಗಲಾರದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗಿ ಹುಣ್ಣು ಬೀಳುತ್ತದೆ. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವಾಗ ತಲೆಯ ಕಡೆ ಎತ್ತರಿಸಿರಬೇಕು, ಬಿಟ್ಟ ಮೇಲೂ ಅರ್ಧ ಗಂಟೆ ಚಪ್ಪಟೆ ಮಲಗಿಸಬಾರದು; ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಊರಲ್ಲಿ ಸಿಗಲಿಲ್ಲವೆಂದು ಫಿಟ್ಸ್ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬಂದೀತು. ಇಷ್ಟನ್ನೂ ಡಿಸ್ಚಾರ್ಜ್ ದಿನ, ಗಾಡಿ ಬಾಗಿಲಲ್ಲಿ ನಿಂತಿರುವಾಗ, ಇಂಗ್ಲಿಷ್ ಚೀಟಿಯೊಂದರ ಜೊತೆ ಗಡಿಬಿಡಿಯಲ್ಲಿ ಹೇಳಿ ಕಳಿಸಿದರೆ ಯಾರ ತಲೆಯಲ್ಲಿ ನಿಂತೀತು? ಸೇರಿದ ದಿನದಿಂದಲೇ, ನರ್ಸ್ ಪಕ್ಕದಲ್ಲಿ ನಿಂತು, ಅವಳ ಕೈಯಿಂದಲೇ ಮಾಡಿಸಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ರಾಜ್ಯದ 2024-25ರ ಬಜೆಟ್ಟಿನಲ್ಲಿ ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿಯಂಥ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ನಾಟಿಗೆ ಹೋದರೆ ಕೆಲವೇ ದಿನಗಳಲ್ಲಿ ದುಡಿಯುವ ಹಣ ಅದು. ಆದರೂ ಆಕೆಯ ದುಡಿಮೆಯನ್ನು ಸರ್ಕಾರ ದುಡಿಮೆಯೆಂದು ಕಂಡಿತಲ್ಲ, ಅದನ್ನು ಸಣ್ಣದೆನ್ನಲಾರೆ. ಲಕ್ವಾದವರ, ಮರೆವಿನ ಕಾಯಿಲೆಯವರ ಮನೆಗೂ ಅದು ಮುಟ್ಟಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುತ್ತಿದೆ. ಅದೇ ಕೇಂದ್ರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಈ ಹೆಣ್ಣುಮಕ್ಕಳಿಗೆ ಕಲಿಸುವುದಕ್ಕೂ ಮೀಸಲಾಗಲಿ, ಆ ಹೊತ್ತು ರೋಗಿಯ ಹತ್ತಿರ ಕೂರಲು ಆಶಾ ಕಾರ್ಯಕರ್ತೆಗೆ ಪ್ರತ್ಯೇಕ ಸಂಭಾವನೆ ಸಿಗಲಿ.