ಮದ್ವೆ ಯಾವಾಗ ಅನ್ನೋದು ಕೆಲಸದ ಪ್ರಶ್ನೆನಾ?

ಓದಿರೋ ಹೆಣ್ಣುಮಕ್ಕಳು ಮನೇಲಿರೋರೆಲ್ಲ ಇದನ್ನ ಒಂದ್ಸಲ ಓದ್ರಿ. ಈಗ ಕೆಲಸಕ್ಕೆ ಅರ್ಜಿ ಹಾಕಿದ್ರೆ ಮೊದ್ಲು ಬರೋದು ಎಚ್‌ಆರ್ ಫೋನು. ಹತ್ತು ನಿಮಿಷದ ಮಾತು. ಅದ್ರಲ್ಲಿ ಪಾಸಾದ್ರೆ ಮಾತ್ರ ಎದುರಿಗೆ ಕರೆದು ಇಂಟರ್‌ವ್ಯೂ ಮಾಡ್ತಾರೆ. ಆ ಫೋನಲ್ಲಿ ಹುಡುಗೀರಿಗೆ ಮದ್ವೆ ವಿಷ್ಯ ಕೇಳೋದು ತಪ್ಪು ಅಂತ ನಾನು ಹೇಳ್ತೀನಿ.

ಗುಬ್ಬಿಲಿರೋ ನನ್ನ ತಂಗಿ ಮಗಳು ಡಿಪ್ಲೊಮಾ ಮಾಡವ್ಳೆ. ವಸಂತನರಸಾಪುರದ ಕಡೆ ಒಂದು ಕಂಪ್ನಿಯಿಂದ ಫೋನ್ ಬಂತು. ಓದಿನ ಬಗ್ಗೆ ಕೇಳಿದ್ಕೆಲ್ಲ ಚೆನ್ನಾಗೇ ಉತ್ತರ ಕೊಟ್ಳು. ಕೊನೆಗೆ, ಮದ್ವೆ ಗೊತ್ತಾಗೈತಾ ಅಂದ್ರು. ಹೂಂ ಅಂದ್ಳು. ತಿಳಿಸ್ತೀವಿ ಅಂದೋರು ಇವತ್ತಿಗೂ ತಿಳಿಸಿಲ್ಲ. ಕುಣಿಗಲ್‌ನಲ್ಲಿರೋ ನಮ್ಮ ಭಾವನ ಮಗನಿಗೂ ಅದೇ ಕಂಪ್ನಿಯಿಂದ ಫೋನ್ ಬಂದಿತ್ತು. ಅವನಿಗೂ ನಿಶ್ಚಿತಾರ್ಥ ಆಗೈತೆ. ಆದ್ರೆ ಅವನ್ನ ಕೇಳಿದ್ದು ಶಿಫ್ಟು, ಸಂಬಳ ಅಷ್ಟೇ.

ಇದು ನಮ್ಮೊಂದ್ ಮನೆ ಕತೆ ಅಲ್ಲ ಕಣ್ರೀ. ಚೆನ್ನೈ ಹತ್ರ ಐಫೋನ್ ಜೋಡಿಸೋ ಫಾಕ್ಸ್‌ಕಾನ್ ಫ್ಯಾಕ್ಟ್ರೀಲಿ ಮದ್ವೆಯಾದ ಹೆಂಗಸ್ರನ್ನ ಜೋಡಣೆ ಕೆಲಸದಿಂದ ದೂರ ಇಡ್ತಾರೆ ಅಂತ 2024ರ ಜೂನ್‌ನಲ್ಲಿ ರಾಯಿಟರ್ಸ್‌ನೋರು ಬರೆದಿದ್ರು. ಕಂಪ್ನಿಯೋರು ಹಂಗೇನಿಲ್ಲ ಅಂದ್ರು. ಕೇಂದ್ರ ಸರ್ಕಾರ ತಮಿಳುನಾಡಿನಿಂದ ವರದಿ ಕೇಳ್ತು.

ಕೆಲಸಕ್ಕೆ ತಗೊಳ್ಳೋವಾಗ ಹೆಣ್ಣು ಗಂಡು ಅಂತ ಭೇದ ಮಾಡಬಾರ್ದು ಅಂತ 1976ರ ಸಮಾನ ವೇತನ ಕಾಯ್ದೆಲೇ ಇತ್ತು. 2019ರ ವೇತನ ಸಂಹಿತೇಲೂ ಐತೆ. ಒಂದೇ ಪ್ರಶ್ನೆನ ಹುಡುಗೀಗೆ ಕೇಳಿ ಹುಡುಗನಿಗೆ ಬಿಟ್ರೆ ಅದು ಭೇದ ಅಲ್ದೆ ಇನ್ನೇನು?

ಅವ್ರ ಹೆದರಿಕೆ ನಂಗೂ ಗೊತ್ತು. ಮದ್ವೆ, ಆಮೇಲೆ ಬಾಣಂತನ, ರಜ. 2017ರಿಂದ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜ ಐತೆ. ಆದ್ರೆ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳಕ್ಕೆ ಇಎಸ್‌ಐ ಇದ್ರೆ ಆ ದುಡ್ಡು ಕೊಡೋದು ಇಎಸ್‌ಐನೋರು, ಕಂಪ್ನಿ ಗಂಟೇನೂ ಹೋಗಲ್ಲ. ಕೆಲಸ ಕಲಿಸಿದ್ಮೇಲೆ ಬಿಟ್ಟೋಗ್ತಾರೆ ಅಂತಾರೆ. ಬೆಂಗಳೂರಲ್ಲಿ ಎರಡು ಸಾವಿರ ಜಾಸ್ತಿ ಸಿಕ್ರೆ ಹುಡುಗ್ರು ಬಿಟ್ಟೋಗಲ್ವಾ?

ಕೇಳಬೇಕಾದ್ದು ಕೇಳ್ಲಿ. ರಾತ್ರಿ ಶಿಫ್ಟಿಗೆ ಬತ್ತೀಯಾ, ಗುಬ್ಬಿಯಿಂದ ದಿನಾ ಹೆಂಗ್ ಓಡಾಡ್ತೀಯಾ, ಎಷ್ಟು ದಿನದಲ್ಲಿ ಸೇರ್ತೀಯಾ. ಇವೆಲ್ಲ ಕೆಲಸದ ಮಾತು. ಮದ್ವೆ ಕೇಳಿದ್ರೆ ಸುಳ್ಳು ಹೇಳೋದೂ ಬ್ಯಾಡ, ಜಗಳಾನೂ ಬ್ಯಾಡ. “ಅದ್ರಿಂದ ಕೆಲಸಕ್ಕೆ ತೊಂದ್ರೆ ಆಗಲ್ಲ ಸರ್, ಶಿಫ್ಟ್ ಟೈಮ್ ಹೇಳಿ” ಅಂತ ಹೇಳೋದನ್ನ ಮಕ್ಕಳಿಗೆ ಕಲಿಸ್ರಿ. ಫೋನ್ ಮಾಡಿದೋರ ಹೆಸ್ರು, ತಾರೀಕು ಬರೆದಿಡಕ್ಕೆ ಹೇಳ್ರಿ. ಕೆಲಸ ಕೊಡ್ಸಕ್ಕೆ ದುಡ್ಡು ಕೇಳಿದ್ರೆ ಫೋನ್ ಇಟ್ಬಿಡ್ಲಿ.

ಮನೇಲಿರೋ ನಾವೂ ಒಂದು ಕೆಲಸ ಮಾಡಬೇಕು. ಹುಡುಗಿ ಫೋನಲ್ಲಿ ಮಾತಾಡ್ತಿದ್ರೆ ಟಿವಿ ಆರಿಸ್ರಿ, ಕುಕ್ಕರ್ ಇಳಿಸ್ರಿ, ಮಧ್ಯ ಬಾಯಿ ಹಾಕಬ್ಯಾಡ್ರಿ. ಗಂಡಿನ ಕಡೆಯೋರು ಬಂದಾಗ ಹೆಂಗೆ ಮನೆಯೆಲ್ಲ ಸುಮ್ನಿರ್ತದೋ, ಈ ಫೋನಿಗೂ ಹಂಗೇ ಸುಮ್ನಿರ್ಲಿ. ಇದೂ ಅವ್ಳ ಬಾಳಿನ ಮಾತೇ ಅಲ್ವಾ?