ನೀಲಿ ಲಾರಿಯ ಬಣ್ಣದ ಕೆಳಗೆ

2013ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಹಳೆಯ ಲಾರಿಯೊಂದು ಸುಮಾರು 18 ಲಕ್ಷ ಪೌಂಡಿಗೆ ಮಾರಾಟವಾಯಿತು. ಲಾರಿ ಎಂದರೆ ಅದರ ಅಭಿಮಾನಿಗಳಿಗೆ ಸಿಟ್ಟು ಬಂದೀತು. ಅವರ ಮಾತಿನಲ್ಲಿ ಅದು ಟ್ರಾನ್ಸ್‌ಪೋರ್ಟರ್. ಓಟದ ಕಾರುಗಳನ್ನು ಮನೆಯಿಂದ ಮೈದಾನಕ್ಕೂ ಮೈದಾನದಿಂದ ಮನೆಗೂ ಹೊತ್ತು ತಿರುಗಿದ ವಾಹನ. ಈ ಸುದ್ದಿ ಕೇಳಿದ ನಮ್ಮ ಬಳಗದ ಹಿರಿಯರೊಬ್ಬರು, "ತಗಡು ಹೊಸದು, ಬಣ್ಣ ಹೊಸದು, ಇನ್ನು ಅದರಲ್ಲಿ ಹಳೆಯದೇನು ಉಳಿದಿದೆ ಸ್ವಾಮಿ?" ಎಂದು ನಕ್ಕರು. ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ದಿನವೂ ಪ್ರಯೋಗಶಾಲೆಯಲ್ಲಿ ಇದು ಯಾವ ವಸ್ತು, ಎಲ್ಲಿಂದ ಬಂತು ಎಂದು ಕೆದಕುವುದೇ ನಮ್ಮ ಕಸುಬಾದ್ದರಿಂದ ಈ ಪುಟದಲ್ಲಿ ಉತ್ತರಕ್ಕೆ ಕೈಹಾಕಿದ್ದೇವೆ.

ಲಾರಿ ಸ್ಕಾಟ್ಲೆಂಡಿನದು. ಎಡಿನ್‌ಬರೋದಲ್ಲಿ ಡೇವಿಡ್ ಮರ‍್ರೆ ಎಂಬವರು ಕಟ್ಟಿದ ತಂಡದ ಹೆಸರು 'ಎಕ್ಯೂರಿ ಎಕೋಸ್'. ಫ್ರೆಂಚಿನಲ್ಲಿ 'ಸ್ಕಾಟ್ಲೆಂಡಿನ ಲಾಯ' ಎಂದರ್ಥ. ಹೆಸರಿನ ಜಂಭಕ್ಕೆ ತಕ್ಕ ಹಣವಿರಲಿಲ್ಲ. ಊರಿನ ಒಂದು ಸಣ್ಣ ಓಣಿಯಲ್ಲಿ ಗ್ಯಾರೇಜು. ಆದರೂ 1956ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಓಟದಲ್ಲಿ ಜಾಗ್ವಾರ್ ಕಾರ್ಖಾನೆಯ ಸ್ವಂತ ಕಾರುಗಳಲ್ಲಿ ಎರಡು ಆರಂಭದಲ್ಲೇ ಅಪಘಾತಕ್ಕೀಡಾದಾಗ, ಈ ತಂಡದ ನೀಲಿ ಜಾಗ್ವಾರ್ ಡಿ-ಟೈಪ್ ಗೆದ್ದಿತು. ಫ್ಲಾಕ್‌ಹಾರ್ಟ್ ಮತ್ತು ಸ್ಯಾಂಡರ್ಸನ್ ಅದನ್ನು ಓಡಿಸಿದವರು. ಮರುವರ್ಷ ಮೊದಲನೆಯ ಮತ್ತು ಎರಡನೆಯ ಸ್ಥಾನಗಳೆರಡೂ ಈ ತಂಡದವೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಆ ಗೆಲುವುಗಳ ಕಾಲಕ್ಕೆ ನಮ್ಮ ಲಾರಿ ಹುಟ್ಟಿಯೇ ಇರಲಿಲ್ಲ. ಆಗ ಕಾರುಗಳು ಪ್ರಯಾಣ ಮಾಡುತ್ತಿದ್ದದ್ದು ಮಾರ್ಪಡಿಸಿದ ಹಳೆಯ ಬಸ್ಸುಗಳಲ್ಲಿ. ಹೊಸ ವಾಹನ ರಸ್ತೆಗಿಳಿದದ್ದು 1960ರಲ್ಲಿ. ಫಾಲ್ಕರ್ಕ್ ಊರಿನಲ್ಲಿ ಬಸ್ಸುಗಳ ಮೈ ಕಟ್ಟುತ್ತಿದ್ದ ಅಲೆಕ್ಸಾಂಡರ್ ಕಂಪನಿ ಕಾಮರ್ ಚಾಸಿಯ ಮೇಲೆ ಅಲ್ಯೂಮಿನಿಯಂ ಹೊದಿಕೆಯ ಮೈ ಕಟ್ಟಿತು. ಮೇಲಂತಸ್ತಿನಲ್ಲಿ ಎರಡು ಕಾರು, ಒಳಗೆ ಒಂದು, ಜೊತೆಗೆ ಸಣ್ಣದೊಂದು ರಿಪೇರಿ ಕೋಣೆ. ಅಷ್ಟು ಹೊತ್ತಿಗೆ ತಂಡದ ಏರುಗಾಲ ಮುಗಿದಿತ್ತು. ಮುಂದೆ ವಿಶ್ವವಿಜೇತನಾದ ಜಾಕಿ ಸ್ಟುವರ್ಟ್ ಎಂಬ ಹುಡುಗ 1963-64ರಲ್ಲಿ ಈ ತಂಡಕ್ಕೆ ಓಡಿಸಿದ್ದನ್ನು ಬಿಟ್ಟರೆ, ಲಾರಿ ಕಂಡದ್ದು ಬಹುಪಾಲು ಇಳಿಗಾಲವನ್ನೇ. ಆದರೂ 1961ರಿಂದ ಕಾರ್ಗಿ ಕಂಪನಿ ಇದರ ಆಟಿಕೆ ಮಾಡಿ ಮಾರಿದ್ದರಿಂದ, ಲ ಮಾನ್ ಎಲ್ಲಿದೆಯೆಂದು ತಿಳಿಯದ ಮಕ್ಕಳಿಗೂ ಈ ಲಾರಿ ಗೊತ್ತು.

ನಮಗೆ ನಿಜವಾಗಿ ಇಷ್ಟವಾದದ್ದು ಅದರ ಎಂಜಿನ್. ಕಾಮರ್ ಟಿಎಸ್3 ಎಂದು ಅದರ ಹೆಸರು. 1954ರಲ್ಲಿ ಮಾರುಕಟ್ಟೆಗೆ ಬಂದದ್ದು. ಮೂರು ಸಿಲಿಂಡರ್, ಆದರೆ ಆರು ಪಿಸ್ಟನ್! ಒಂದೊಂದು ಸಿಲಿಂಡರಿನಲ್ಲಿ ಎರಡು ಪಿಸ್ಟನ್‌ಗಳು ಜಗಳಕ್ಕೆ ನಿಂತ ದಾಯಾದಿಗಳಂತೆ ಎದುರುಬದುರು ನುಗ್ಗುತ್ತವೆ. ನಡುವೆ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೆ ಕಾದು ಕೆಂಡವಾದಾಗ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಂಡು ಎರಡನ್ನೂ ದೂರ ತಳ್ಳುತ್ತದೆ. ಸಿಲಿಂಡರಿಗೆ ಮುಚ್ಚಳವಿಲ್ಲ, ವಾಲ್ವುಗಳಿಲ್ಲ. ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್‌ಗಳೇ ತೆರೆದು ಮುಚ್ಚುತ್ತವೆ. ಎರಡೂ ಬದಿಯ ನೂಕು ತಕ್ಕಡಿಯ ದಂಡಿಯಂಥ ಸನ್ನೆಗೋಲುಗಳ ಮೂಲಕ ಕೆಳಗಿನ ಒಂದೇ ಕ್ರ್ಯಾಂಕಿಗೆ ಬರುತ್ತದೆ. ಹೊಗೆಯನ್ನು ಹೊರಗಟ್ಟಿ ಹೊಸ ಗಾಳಿ ತುಂಬಲು ಒಂದು ಬ್ಲೋವರ್. ಕೇವಲ 3.26 ಲೀಟರಿನ ಎಂಜಿನ್ನಿನಿಂದ ಸುಮಾರು 105 ಅಶ್ವಶಕ್ತಿ! ಸದ್ದೋ, ಡೊಳ್ಳು ಬಡಿದಂತೆ. ಇಂಗ್ಲೆಂಡಿನ ಲಾರಿ ಚಾಲಕರು ಇದನ್ನು 'ನಾಕರ್' ಎಂದು ಕರೆದದ್ದು ಸುಮ್ಮನೆ ಅಲ್ಲ. ಇದರ ತಮ್ಮನಾಗಬೇಕಿದ್ದ ನಾಲ್ಕು ಸಿಲಿಂಡರಿನ ಟಿಎಸ್4 ಮಾದರಿಗಳು ಪರೀಕ್ಷೆಯಲ್ಲಿ ಚೆನ್ನಾಗಿ ಓಡಿದ್ದರೂ, ಕಂಪನಿ ಅಮೆರಿಕದ ಕ್ರೈಸ್ಲರ್ ಕೈಸೇರಿದ ಮೇಲೆ ಆ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಒಳ್ಳೆಯ ಯಂತ್ರ ಕೆಟ್ಟು ಸಾಯುವುದಕ್ಕಿಂತ ಕಾಗದದ ಮೇಲಿನ ಸಹಿಯಿಂದ ಸಾಯುವುದೇ ಹೆಚ್ಚು.

ತಂಡ ಮುಚ್ಚಿತು. ಲಾರಿ ಕೈಯಿಂದ ಕೈಗೆ ದಾಟಿ ಸೊರಗಿತು. ಕೊನೆಗೆ ಒಬ್ಬ ಸಂಗ್ರಾಹಕರು ಅದನ್ನು ಕೊಂಡು 1990ರ ದಶಕದಲ್ಲಿ ದುರಸ್ತಿ ಮಾಡಿಸಿ, ಅದೇ ತಂಡದ ಕಾರುಗಳನ್ನು ಅದರ ಮೇಲೆ ಮತ್ತೆ ಏರಿಸಿದರು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎನ್ನುವವರಿಗೆ ಒಂದು ಮಾತು. ಅಲ್ಯೂಮಿನಿಯಂ ತಗಡು ಉಕ್ಕಿನ ಚೌಕಟ್ಟಿಗೆ ತಾಗಿದ ಕಡೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿನ ನೀರು ಸೇರಿತೆಂದರೆ, ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ತಯಾರಾಗುತ್ತದೆ. ಉಕ್ಕು ಉಳಿದು ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉದುರುತ್ತದೆ. ಆದ್ದರಿಂದ ಇಂಥ ಗಾಡಿಯಲ್ಲಿ ಕೊಳೆತ ತಗಡು ತೆಗೆದು ಹೊಸದು ಹಾಕಿದರೆ ನಾವು ಆಕ್ಷೇಪಿಸುವುದಿಲ್ಲ. ದುಡಿಯುವ ಗಾಡಿ ದುಡಿಯುವಾಗಲೂ ತಗಡು ಬದಲಾಯಿಸಿಕೊಂಡೇ ಬಂದಿರುತ್ತದೆ.

ನಮ್ಮ ಆಕ್ಷೇಪಣೆ ಬೇರೆ. ದುರಸ್ತಿಯ ಹುಮ್ಮಸ್ಸಿನಲ್ಲಿ ಮೊದಲು ಮಾಡುವ ಕೆಲಸವೆಂದರೆ ಬಣ್ಣವನ್ನು ಬರಿಯ ಲೋಹದವರೆಗೆ ಕೆರೆದು ತೆಗೆಯುವುದು. ಸಾಸಿವೆಯಷ್ಟು ಬಣ್ಣದ ಚಕ್ಕೆಯನ್ನು ರಾಳದಲ್ಲಿ ಹುದುಗಿಸಿ, ಅಡ್ಡ ಕೊಯ್ದು, ನಯಗೊಳಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಪದರ ಪದರವಾಗಿ ಚರಿತ್ರೆ ಕಾಣುತ್ತದೆ: ಮೊದಲ ಪ್ರೈಮರ್, ಮೊದಲ ನೀಲಿ, ನಡುವೆ ರಸ್ತೆಯ ಕೊಳೆ, ಆಮೇಲಿನ ಮಾಲೀಕ ಬಳಿದ ಅಗ್ಗದ ಬಣ್ಣ. ಕೆರೆದ ಮೇಲೆ ಇದನ್ನು ಯಾವ ಹಣವೂ ಮರಳಿ ತರಲಾರದು. ಅಂಗೈಯಗಲದ ಜಾಗವನ್ನಾದರೂ ಹಾಗೆಯೇ ಬಿಡಲು ಏನು ಕಷ್ಟ?

ಇಟಲಿಯಲ್ಲಿ ಬಾರ್ತೊಲೆಟ್ಟಿ ಕಾರ್ಖಾನೆ ಫಿಯಟ್ ಚಾಸಿಯ ಮೇಲೆ ಕಟ್ಟಿದ ಇಂಥದೇ ಒಂದು ವಾಹನದ ಜಾತಕ ನೋಡಿ. 1957ರಲ್ಲಿ ಮಾಸೆರಾಟಿ ತಂಡದ ಸೇವೆ; 1960ರಲ್ಲಿ ಯೂರೋಪಿಗೆ ಬಂದ ಅಮೆರಿಕದ ಸ್ಕೇರಬ್ ತಂಡ; ಅನಂತರ ಕ್ಯಾರಲ್ ಶೆಲ್ಬಿಯ ಕೋಬ್ರಾ ಕಾರುಗಳು; ಕೊನೆಗೆ 1971ರಲ್ಲಿ ತೆರೆಕಂಡ ಸ್ಟೀವ್ ಮೆಕ್ವೀನರ 'ಲ ಮಾನ್' ಚಿತ್ರದಲ್ಲಿ ಪಾತ್ರ. ನಾಲ್ಕು ಮನೆ, ನಾಲ್ಕು ವೇಷ. ದುರಸ್ತಿ ಮಾಡುವವರು ಒಂದೇ ಬಣ್ಣ ಆರಿಸಬೇಕು, ನಿಜ. ಆದರೆ ಉಳಿದ ಮೂರನ್ನು ಒರೆಸಿಹಾಕುವ ಹಕ್ಕು ಅವರಿಗೆ ಯಾರು ಕೊಟ್ಟರು? ಒಂದು ದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ಅನ್ನ ತಿನ್ನುತ್ತಿರುವ ನಮ್ಮಂಥವರಿಗಾದರೂ ಈ ಸಂಕಟ ಅರ್ಥವಾದೀತು.

ಇದಕ್ಕೆ ವಿರುದ್ಧವಾದ ಕಥೆ ಮರ್ಸಿಡಿಸ್‌ನದು. 1955ರಲ್ಲಿ ಅವರು 300 ಎಸ್‌ಎಲ್ ಕಾರಿನ 192 ಅಶ್ವಶಕ್ತಿಯ ಎಂಜಿನ್ ಹಾಕಿ, ಒಂದು ಓಟದ ಕಾರನ್ನು ಬೆನ್ನ ಮೇಲಿಟ್ಟುಕೊಂಡು ಗಂಟೆಗೆ 170 ಕಿಲೋಮೀಟರ್ ಓಡಬಲ್ಲ ಸಾಗಣೆ ಗಾಡಿ ಮಾಡಿದರು; ಜರ್ಮನಿಯಲ್ಲಿ ಅದಕ್ಕೆ 'ನೀಲಿ ಅಚ್ಚರಿ' ಎಂದೇ ಹೆಸರು. ಆ ವರ್ಷದ ಕೊನೆಗೇ ಅವರು ಪಂದ್ಯಗಳನ್ನು ಬಿಟ್ಟರು. 1967ರಲ್ಲಿ ಗಾಡಿ ಗುಜರಿಗೆ ಹೋಯಿತು. ಆಮೇಲೆ ಬುದ್ಧಿ ಬಂದು, 1993ರಿಂದ 2001ರವರೆಗೆ ಹಳೆಯ ಫೋಟೋಗಳನ್ನು ನೋಡಿಕೊಂಡು ಇನ್ನೊಂದನ್ನು ಕಟ್ಟಿದರು. ಕೈಕೆಲಸ ಅದ್ಭುತ, ಸಂದೇಹವಿಲ್ಲ. ಆದರೆ ಆ ಗಾಡಿ ಯಾವ ಸೋತ ಕಾರನ್ನೂ ರಾತ್ರಿಯಿಡೀ ಹೊತ್ತು ಮನೆಗೆ ತಂದಿಲ್ಲ. ಹೊಳೆಯುವ ನಕಲಿಗಿಂತ, ಅರ್ಧ ತಗಡು ಬದಲಾದ ಸ್ಕಾಟ್ಲೆಂಡಿನ ಲಾರಿಯೇ ನಮ್ಮ ಲೆಕ್ಕದಲ್ಲಿ ಹೆಚ್ಚು ಹಳೆಯದು. ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದು.

ಬೆಲೆಯ ವಿಷಯಕ್ಕೂ ಬರೋಣ. 1956ರಲ್ಲಿ ಗೆದ್ದ ಆ ಡಿ-ಟೈಪ್ ಕಾರು 2016ರಲ್ಲಿ 2 ಕೋಟಿ 17 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ತೇರಿನ ದಿನ ಎಲ್ಲರ ಕಣ್ಣೂ ಕಳಶದ ಮೇಲೆ. ಗಾಲಿಗೆ ಸನ್ನೆ ಕೊಡುವವನ ಕಡೆ ನೋಡುವವರಿಲ್ಲ. ಆದ್ದರಿಂದ ಲಾರಿಗೆ 18 ಲಕ್ಷ ಪೌಂಡು ದುಬಾರಿ ಎಂದು ಗೊಣಗುವವರ ಗುಂಪಿಗೆ ನಾವು ಸೇರುವುದಿಲ್ಲ.

ಸೆಪ್ಟೆಂಬರಿನಲ್ಲಿ ಗುಡ್‌ವುಡ್‌ನಲ್ಲಿ ನಡೆಯುವ ಹಳೆಯ ಕಾರುಗಳ ಓಟದಂಥ ಮೇಳಗಳಲ್ಲಿ ಇಂಥ ವಾಹನಗಳು ನೋಡಸಿಗುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವ ಸದಸ್ಯರು ಕಾರುಗಳ ಮುಂದೆ ಫೋಟೋ ತೆಗೆಸಿಕೊಂಡಾದ ಮೇಲೆ ಲಾರಿಯ ಹಿಂಭಾಗಕ್ಕೂ ಹೋಗಿ, ಇಳಿಜಾರು ಹಲಗೆಗಳ ಮೇಲೆ ಟೈರು ಉಜ್ಜಿದ ಗುರುತುಗಳನ್ನು ತೋರಿಸಿ. ಯಾವ ಭಾಗ ಹಳೆಯದು, ಯಾವುದು ಹೊಸದು ಎಂದು ನೋಡಿಕೊಳ್ಳುವವರನ್ನು ಕೇಳಿ. ಕೇಳಿದರೆ ಅವರಿಗೆ ಸಂತೋಷವೇ. ಬಗ್ಗಿ ಅಡಿಭಾಗ ನೋಡಬೇಕೆಂದರೆ ಒಂದು ಚಾಪೆ ಒಯ್ಯಿರಿ, ಹುಲ್ಲು ಒದ್ದೆಯಾಗಿರುತ್ತದೆ.