ಗಿಣ್ಣು ಆಮೇಲೆ, ಮೊದಲು ಕರು

ನೇರವಾಗಿ ಹೇಳ್ತೀನಿ, ಬೇಜಾರಾಗೋರು ಆಗಲಿ. ಹಸು ಈದ ಮೇಲೆ ಮೊದಲ ಸಲ ಕರೆದ ಹಾಲಲ್ಲಿ ಗಿಣ್ಣು ಮಾಡಿ ತಿನ್ನೋದು ಸಂಪ್ರದಾಯ ಅಲ್ಲ, ಕರುವಿನ ಪಾಲು ಕಿತ್ಕೊಳ್ಳೋದು. ನಾನೂ ಗಿಣ್ಣು ತಿನ್ನೋನೇ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ಮುಂದೆ ಬೇಕರಿ ಸಿಹಿ ಯಾವ ಲೆಕ್ಕ? ನನ್ನ ತಕರಾರು ಗಿಣ್ಣಿನ ಮೇಲಲ್ಲ, ಸರದಿಯ ಮೇಲೆ.

ಮನುಷ್ಯರ ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಪ್ರತಿಕಾಯಗಳನ್ನು, ಅಂದ್ರೆ ರೋಗದ ವಿರುದ್ಧ ಹೋರಾಡೋ ಪ್ರೋಟೀನುಗಳನ್ನು ಪಡೆದಿರುತ್ತೆ. ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹಾಗಿಲ್ಲ. ಅವುಗಳ ಮಾಸು ಪ್ರತಿಕಾಯಗಳನ್ನು ದಾಟೋಕೆ ಬಿಡೋದಿಲ್ಲ. ಹಾಗಾಗಿ ಕರು ಬರಿಗೈಲಿ ಹುಟ್ಟುತ್ತೆ. ಅದಕ್ಕೆ ಬೇಕಾದ್ದನ್ನೆಲ್ಲ ತಾಯಿ ಕೆಚ್ಚಲಲ್ಲಿ ಕೂಡಿಟ್ಟಿರ್ತಾಳೆ. ಮಾಮೂಲಿ ಹಾಲಲ್ಲಿ ಪ್ರೋಟೀನು ಶೇ. 3ರ ಆಸುಪಾಸು, ಮೊದಲ ಗಿಣ್ಣುಹಾಲಲ್ಲಿ ಸುಮಾರು ಶೇ. 14. ಅದರಲ್ಲಿ ದೊಡ್ಡ ಪಾಲು ಪ್ರತಿಕಾಯಗಳೇ. ವಿಟಮಿನ್ ಎ ಕೂಡ ಹೆಚ್ಚು. ಜೊತೆಗೆ, ಕರುವಿನ ಹೊಟ್ಟೆಯಲ್ಲಿರೋ ಮೊದಲ ಅಂಟು ಸಗಣಿ ಸಲೀಸಾಗಿ ಹೊರಗೆ ಹೋಗೋಕೂ ಇದೇ ಹಾಲು ಬೇಕು.

ಕರುಳಿನ ಬಾಗಿಲೂ ಸದಾ ತೆರೆದಿರಲ್ಲ. ಪ್ರತಿಕಾಯಗಳು ಜೀರ್ಣವಾಗದೆ ಇಡಿಯಾಗಿ ರಕ್ತ ಸೇರೋದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ಗಂಟೆ ಕಳೆದಂತೆ ಬಾಗಿಲು ಮುಚ್ತಾ ಬಂದು, 24 ಗಂಟೆಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತೆ. ಆಮೇಲೆ ಬಕೆಟ್ ಗಟ್ಟಲೆ ಕುಡಿಸಿದರೂ ಅದು ಆಹಾರವೇ ಹೊರತು ರಕ್ಷಣೆ ಅಲ್ಲ. ಹಾಲಿನ ಕಸುವೂ ಅಷ್ಟೇ, ಎರಡನೇ ಸಲ ಕರೆಯೋ ಹೊತ್ತಿಗೆ ಬಹಳಷ್ಟು ಇಳಿದಿರುತ್ತೆ.

ಈಗ ನಮ್ಮ ಕೊಟ್ಟಿಗೆಗಳಲ್ಲಿ ನಡೆಯೋದು ನೋಡಿ. "ಕಸ ಬೀಳೋವರೆಗೂ ಕರು ಬಿಡಬೇಡಿ" ಅಂತಾರೆ ಹಿರಿಯರು. ಕಸ ಬೀಳೋಕೆ ಎಂಟು, ಹತ್ತು ಗಂಟೆ ಹಿಡಿದರೆ? ಕರುವಿಗೆ ಬೆಲೆಬಾಳೋ ಹೊತ್ತೆಲ್ಲ ಹೋಯ್ತು. ಅಸಲಿಗೆ ಲೆಕ್ಕ ಉಲ್ಟಾ: ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗಿ ಗರ್ಭಕೋಶ ಹಿಂಡುತ್ತೆ, ಕಸ ಬೀಳೋಕೆ ಅದೇ ಸಹಾಯ.

ಇನ್ನೊಂದು ಮಾತು, "ಜಾಸ್ತಿ ಕುಡಿದ್ರೆ ಬೇಧಿ ಆಗುತ್ತೆ." ಕರುಗಳನ್ನು ಕೊಲ್ಲೋ ಬೇಧಿ ಬರೋದು ಹೆಚ್ಚಾಗಿ ಕೊಳಕು ನೆಲ, ಕೊಳಕು ಬಕೆಟ್ಟಿನ ರೋಗಾಣುಗಳಿಂದ. ಅದನ್ನು ತಡೆಯೋ ಹಾಲನ್ನೇ ಅಪರಾಧಿ ಮಾಡ್ತೀವಿ. ಗಂಡು ಕರುವಾದರಂತೂ ಕೇಳೋರೇ ಇಲ್ಲ, ತಂಬಿಗೆ ಹಿಡಿದು ಬಂದ ನೆರೆಮನೆಯವರಿಗೆ ಸಿಕ್ಕಷ್ಟೂ ಅದಕ್ಕೆ ಸಿಗಲ್ಲ.

"ನಮಗೂ ಶಕ್ತಿ ಬರುತ್ತಲ್ಲ" ಅನ್ನೋರಿಗೆ ಒಂದು ಮಾತು. ಗಿಣ್ಣುಹಾಲು ಕಾಯಿಸಿದರೆ ಗಟ್ಟಿಯಾಗೋದು ಯಾಕೆ? ಅದರಲ್ಲಿರೋ ಪ್ರತಿಕಾಯ ಮತ್ತಿತರ ಪ್ರೋಟೀನುಗಳು ಬಿಸಿಗೆ ಹೆಪ್ಪುಗಟ್ಟೋದರಿಂದ. ಅಂದ್ರೆ ಕರುವಿನ ಪ್ರಾಣ ಕಾಯಬೇಕಾದ್ದು ನಮ್ಮ ತಟ್ಟೆಯಲ್ಲಿ ಬೆಂದು ಸಿಹಿಯಾಗಿ ಕೂತಿರುತ್ತೆ. ನಮಗದು ಒಳ್ಳೆ ತಿಂಡಿ, ಪೌಷ್ಟಿಕವೇ. ಆದ್ರೆ ನಮಗೆ ಪ್ರೋಟೀನಿಗೆ ಹೆಸರುಕಾಳಿದೆ, ಮೊಟ್ಟೆಯಿದೆ. ಕರುವಿಗೆ ಇದೊಂದೇ.

ಹಾಗಾದ್ರೆ ಮಾಡಬೇಕಾದ್ದೇನು? ಈದ ಒಂದೆರಡು ಗಂಟೆಯೊಳಗೆ ಕೆಚ್ಚಲು ತೊಳೆದು ಕುಡಿಸಿ. ಮೊದಲ 12 ಗಂಟೆಯಲ್ಲಿ ಕರುವಿನ ತೂಕದ ಹತ್ತನೇ ಒಂದು ಪಾಲು ಹೊಟ್ಟೆ ಸೇರಲಿ: 35 ಕೆಜಿಯ ಎಚ್ಚೆಫ್ ಕರುವಿಗೆ ಮೂರೂವರೆ ಲೀಟರ್, 25 ಕೆಜಿಯ ಜೆರ್ಸಿ ಮಿಶ್ರತಳಿಗೆ ಎರಡೂವರೆ. ಎದ್ದು ನಿಲ್ಲಲಾಗದ ಕರುವಿಗೆ ಕರೆದು, ನಿಪ್ಪಲ್ ಬಾಟಲಿಯಲ್ಲಿ ನಿಧಾನಕ್ಕೆ ಕುಡಿಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಮರೆಯಬೇಡಿ. ಒಳ್ಳೆ ಹಸುವಿನ ಮೊದಲ ಹಾಲು ಕರು ಕುಡಿದೂ ಮಿಕ್ಕರೆ ಒಂದು ಲೀಟರ್ ಫ್ರೀಜರಿನಲ್ಲಿಡಿ. ತಾಯಿ ಸತ್ತ ಕರುವಿಗೆ ಬೆಚ್ಚನೆ ನೀರಲ್ಲಿಟ್ಟು ಕರಗಿಸಿ ಕೊಡಬಹುದು. ಒಲೆ ಮೇಲೆ ಮಾತ್ರ ಇಡಬೇಡಿ.

ಮಿಶ್ರತಳಿ ಹಸು ಕರುವಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಡುತ್ತೆ. ಆ ಹಾಲನ್ನು ಡೇರಿಯಲ್ಲಿ ತಗೊಳ್ಳೋದೂ ಇಲ್ಲ. ಎರಡನೇ, ಮೂರನೇ ಸಲ ಕರೆದದ್ದರಲ್ಲಿ ಉಳಿದದ್ದು ಧಾರಾಳವಾಗಿ ಗಿಣ್ಣು ಮಾಡಿ, ಬೀದಿಗೆಲ್ಲ ಹಂಚಿ. ತಂಬಿಗೆ ಹಿಡಿದು ಬಂದವರಿಗೆ ಇವತ್ತು ಮಾತ್ರ "ನಾಳೆ ಬಾ ಅಕ್ಕ" ಅನ್ನಿ. ಅಕ್ಕ ಒಂದು ದಿನ ಕಾಯಬಲ್ಲಳು. ಕರುವಿಗೆ ಆ ಒಂದು ದಿನವೇ ಇರೋದು.